ಅವ್ವನ ಹಾಡಿನ ಮೇಲೆ ಕೆಂಪು ಗೆರೆ

ಗಿರಣಿಯಿಂದ ತಂದ ಜೋಳದ ಹಿಟ್ಟಿನ ಬಿಸಿ ವಾಸನೆಗೆ ಇವತ್ತು ಮಟಕಿ ಊರಿನ ನಮ್ಮ ಮನೆ ನೆನಪಾಯಿತು.

ನಾನು ಹೈಸ್ಕೂಲಿನಲ್ಲಿದ್ದಾಗ ಕನ್ನಡ ಮಾಸ್ತರರು ಒಮ್ಮೆ ಒಂದು ಪ್ರೇಮಗೀತೆಯ ಲಯ, ಪ್ರಾಸ ಗುರುತಿಸಿ ತರಲು ಹೇಳಿದ್ದರು. ನಾನು ಅವ್ವ ಬೀಸುಕಲ್ಲಿನಲ್ಲಿ ಜೋಳ ಬೀಸುವಾಗ ಹಾಡುತ್ತಿದ್ದ, ಗಂಡನ ದಾರಿ ಕಾಯುವ ಹಾಡನ್ನೇ ಬರೆದೊಯ್ದೆ. ಅದರಲ್ಲಿ ಪ್ರತಿ ಸಾಲೂ ಎರಡು ಸಲ ಬರುತ್ತಿತ್ತು. ಮಾಸ್ತರರು ಕೆಂಪು ಗೆರೆ ಎಳೆದು, “ಅಂದದ್ದೇ ಅನ್ನೂದು ದೋಷ” ಎಂದರು.

ಅವ್ವನಿಗೆ ಹೇಳಿದೆ. ನಕ್ಕಳು.

“ಕಾಳು ಹಾಕೂವಾಗ ಲಕ್ಷ್ಯ ಕಲ್ಲಿನ ಬಾಯಾಗ ಇರ್ತದ ಬೇ, ಹೊಸ ಸಾಲು ಹ್ಯಾಂಗ ಬರ್ತದ? ನಿಮ್ ಮಾಸ್ತರಗ ಒಂದ್ ಸೇರು ಬೀಸಾಕ ಹೇಳು!”

ಮರುದಿನ ತರಗತಿಯಲ್ಲಿ ಎದ್ದು ನಿಂತು ಅದನ್ನೇ ವಿವರಿಸಿದೆ. ಮಾಸ್ತರರು ಮೇಜಿನ ಮೇಲೆ ಮುಷ್ಟಿ ತಿರುಗಿಸುತ್ತ ಮೆಲ್ಲಗೆ ಹಾಡಿ ನೋಡಿದರು. “ತಪ್ಪು ನಂದವಾ,” ಎಂದು ತಮ್ಮ ಗೆರೆಯನ್ನು ತಾವೇ ಹೊಡೆದುಹಾಕಿದರು.

ಈಗಲೂ ಯಾವುದೋ ದೇಶದ ಅನುವಾದಿತ ಕಾದಂಬರಿಯಲ್ಲಿ ಒಂದು ವಾಕ್ಯ ಮರುಕಳಿಸಿದರೆ ನಾನು ಅದನ್ನು ದೋಷವೆನ್ನುವುದಿಲ್ಲ. ಹೇಳುವವರ ಕೈ ಆಗ ಏನು ಮಾಡುತ್ತಿತ್ತೆಂದು ಯೋಚಿಸುತ್ತೇನೆ. ಹಾಗೆ ಓದಲು ನನಗೆ ಕಲಿಸಿದವಳು ಹೆಬ್ಬೆಟ್ಟು ಒತ್ತುತ್ತಿದ್ದ ನಮ್ಮವ್ವ.