ನನ್ನ ಮಗಳಿಗೆ ನಾನು ಕಡ್ಡಿ ಇಡಲಿಲ್ಲ

ತಾಯಮ್ಮ, ನಿನ್ನ ನಿಂಗಿಗೆ ಪ್ಲೇಗಿನ ಸೂಜಿ ಹಾಕಿಸಬೇಕೋ ಬೇಡವೋ ಎಂದು ನೀನು ಓಲೆ ಕೇಳಲು ಬಂದ ದಿನ, ನನ್ನ ಮಗಳು ಗೌರಿಗೆ ಅದೇ ಸೂಜಿ ಹಾಕಿಸಿ ಎರಡು ದಿನವಾಗಿತ್ತು. ಇದನ್ನು ನಿನಗೆ ಹೇಳದೆ ಐದು ವರ್ಷ ಕಳೆದೆ. ಹೇಳದೆ ಉಳಿದದ್ದಷ್ಟೇ ಆಗಿದ್ದರೆ ಬೇರೆ ಮಾತು — ನೀನು ಬಾಯಿಬಿಟ್ಟು ಕೇಳಿದಾಗಲೂ ಮುಚ್ಚಿಟ್ಟೆ. ನಿನ್ನ ಮಗು ಸತ್ತಿತು, ನನ್ನದು ಬದುಕಿತು.

ನಿನಗೆ ಓದಲು ಬಾರದು. ಗೊತ್ತಿದ್ದೂ ಬರೆಯುತ್ತಿದ್ದೇನೆ. ಬಾಯಲ್ಲಿ ಹೇಳಹೊರಟರೆ ನನ್ನ ನಾಲಿಗೆ ಎಲ್ಲಿ ಜಾರಿಕೊಳ್ಳುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಊರಿಗೆಲ್ಲ ಅರ್ಥ ಹೇಳಿ ಪಳಗಿದ ನಾಲಿಗೆ ಅದು. ಬರೆದಿಟ್ಟರೆ ಇದ್ದದ್ದನ್ನು ಇದ್ದ ಹಾಗೆ ಓದಬೇಕಾಗುತ್ತದೆ.

ನಿನಗೆ ತಿಳಿದಿರುವುದನ್ನೇ ಮೊದಲು ಹೇಳುತ್ತೇನೆ, ಯಾಕೆಂದರೆ ತಪ್ಪು ಅಲ್ಲಿಂದಲೇ ಶುರು. ನಮ್ಮದು ಓಲೆ ಓದುವ ಮನೆ. ನಮ್ಮೂರ ಸ್ವಾಮಿಯ ಚರಿತ್ರೆ ಬರೆದ ತಾಳೆಗರಿಯ ಕಟ್ಟು ಮುತ್ತಜ್ಜನ ಕಾಲದಿಂದ ನಮ್ಮಲ್ಲಿದೆ. ಶಿಂಷೆಯ ಈ ದಡದ ನಾಲ್ಕೈದು ಹಳ್ಳಿಗೆ ಅದು ಸ್ವಾಮಿಯ ಬಾಯಿ. ಹೆಣ್ಣು ಕೊಡುವುದಿರಲಿ, ಬಾವಿ ತೋಡುವುದಿರಲಿ, ಮನಸ್ಸು ಎರಡಾದವರು ಮಿಂದು ಬಂದು, ಎಲೆಯಡಿಕೆ ಇಟ್ಟು, ಕಣ್ಣು ಮುಚ್ಚಿ ಒಂದು ಹಂಚಿಕಡ್ಡಿಯನ್ನು ಗರಿಗಳ ನಡುವೆ ತೂರಿಸುತ್ತಾರೆ. ಕಡ್ಡಿ ನಿಂತ ಕಡೆಯ ಓಲೆ ಬಿಡಿಸಿ ಓದಿ ಅರ್ಥ ಹೇಳುವುದು ನನ್ನ ಕೆಲಸ. ಒಂದೇ ಓಲೆ. ಮುಂದಿನದಕ್ಕೆ ತಿರುಗಿಸುವಂತಿಲ್ಲ. ಆಮೇಲೆ ಅಪೀಲೂ ಇಲ್ಲ.

ಆ ಕಟ್ಟಿನಲ್ಲಿ ಒಂದು ಓಲೆಗೆ ನಾನು ಚಿಕ್ಕಂದಿನಿಂದ ಹೆದರುತ್ತಿದ್ದೆ. ಸ್ವಾಮಿ ಭಿಕ್ಷುಕನಾಗಿ ಒಬ್ಬ ಹೆಂಗಸಿನ ಬಾಗಿಲಿಗೆ ಬರುತ್ತಾನೆ. ಅವಳು ಮೊರ ತುಂಬ ರಾಗಿ ತಂದರೆ ಬೇಡ ಎನ್ನುತ್ತಾನೆ. ತೊಟ್ಟಿಲಲ್ಲಿರುವ ಮಗುವನ್ನು ಕೊಡು ಎನ್ನುತ್ತಾನೆ. ಅವಳು ಕಣ್ಣೀರು ಹಾಕದೆ ಕೊಡುತ್ತಾಳೆ. ‘ಬೇಡಿದ್ದನ್ನು ಬಚ್ಚಿಡದವಳೇ ನನ್ನವಳು’ ಎಂದು ಸ್ವಾಮಿ ಮೆಚ್ಚುತ್ತಾನೆ. ಅಷ್ಟೇ. ಮುಂದಿನ ಓಲೆಯಲ್ಲಿ ಅವಳಿಗೆ ಕೈಲಾಸ ಸಿಗುತ್ತದೆ, ಮಗುವಿನ ಸುದ್ದಿಯೇ ಇಲ್ಲ. ‘ಆ ಮಗು ಏನಾಯಿತು ಅಪ್ಪ?’ ಎಂದು ಒಮ್ಮೆ ಕೇಳಿದೆ. ಅಪ್ಪ ಓಲೆ ಕಟ್ಟಿ ದಾರ ಬಿಗಿದರು. ಅವರೂ ಕೇಳಿಕೊಂಡಿದ್ದ ಪ್ರಶ್ನೆಯೇ ಇರಬೇಕು.

ಆ ವರ್ಷ ಪಟೇಲರ ಅಟ್ಟದಲ್ಲಿ ಮೊದಲ ಇಲಿ ಬಿತ್ತು. ಎರಡನೆಯದು ಬಿದ್ದದ್ದು ನಮ್ಮ ದೇವರ ಕೋಣೆಯಲ್ಲಿ, ಓಲೆಯ ಪೆಟ್ಟಿಗೆಯ ಕೆಳಗೆ. ಅದನ್ನು ಕಂಡಾಗ ನನಗೆ ಅನ್ನಿಸಿತು — ತನ್ನ ಪೆಟ್ಟಿಗೆಯ ಬುಡಕ್ಕೇ ಮಾರಿ ಬಂದರೂ ಸ್ವಾಮಿ ಸುಮ್ಮನಿದ್ದಾನಲ್ಲ! ಇಲಿಯನ್ನು ಮೊರದಲ್ಲಿ ಎತ್ತಿ ಹೊರಗೆ ಸುಟ್ಟೆ, ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಊರಿಗೆ ಊರೇ ಬಾಗಿಲು ಹಾಕಿ ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡಿತು. ನಿನ್ನ ಗುಡಿಸಲು ನಮ್ಮದಕ್ಕೆ ಕೂಗಳತೆಯಲ್ಲಿತ್ತು. ಗೌರಿಯೂ ನಿಂಗಿಯೂ ಹಗಲೆಲ್ಲ ಹೊಂಗೆಮರದ ಕೆಳಗೆ ಒಟ್ಟಿಗೆ ಆಡುತ್ತಿದ್ದರು. ಇಬ್ಬರಿಗೂ ಏಳು ವರ್ಷ.

ಸೂಜಿಯವರು ಊರೂರಿಗೆ ಬರುತ್ತಾರಂತೆ ಎಂಬ ಸುದ್ದಿ ಹಬ್ಬಿತು. ಸೂಜಿ ಹಾಕಿಸಿಕೊಂಡರೆ ಸ್ವಾಮಿಯನ್ನು ನಂಬಲಿಲ್ಲವೆಂದೇ ಅರ್ಥ, ಅಂಥವರು ಗುಡಿಯ ಮೆಟ್ಟಿಲು ಹತ್ತಬಾರದು ಎಂದು ಪಟೇಲರು ಹೇಳಿಬಿಟ್ಟಿದ್ದರು. ನಾನೂ ತಲೆಯಾಡಿಸಿದ್ದೆ. ತಲೆಯಾಡಿಸಿ ಬಂದವನು ಗುಡಿಸಲಲ್ಲಿ ಮಲಗಿದ್ದ ಗೌರಿಯ ಕಂಕುಳನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೆ, ಗೆಡ್ಡೆ ಎದ್ದಿದೆಯೋ ಎಂದು. ಕೊನೆಗೆ ತಡೆಯಲಾಗಲಿಲ್ಲ. ನಾದಿನಿಯ ಮನೆಯಲ್ಲಿ ನಾಮಕರಣ ಎಂದು ಸುಳ್ಳು ಹೇಳಿ, ಗೌರಿಯನ್ನು ಕರೆದುಕೊಂಡು, ಇದ್ದಿಲಲ್ಲಿ ಓಡುವ ಬಸ್ಸು ಹತ್ತಿ ಮಳವಳ್ಳಿಯ ಆಸ್ಪತ್ರೆಗೆ ಹೋದೆ. ಮದ್ದೂರಿನ ಆಸ್ಪತ್ರೆ ಹತ್ತಿರವಿತ್ತು. ಆದರೆ ಮದ್ದೂರಿನಲ್ಲಿ ನನ್ನ ಗುರುತಿಲ್ಲದ ಅಂಗಡಿಯವನಿಲ್ಲ.

ಹೊರಡುವ ಮುಂಚೆ ನನ್ನ ಹೆಂಡತಿ ಶಾಂತ ಕೇಳಿದ್ದಳು: “ಕಡ್ಡಿ ಮಡಗಿ ನೋಡಾಣ್ವಾ?” ನಾನು “ಬ್ಯಾಡ” ಅಂದೆ.

ಆ ಒಂದು ಮಾತಿನ ಮೇಲೆ ಐದು ವರ್ಷದಿಂದ ಕೂತಿದ್ದೇನೆ, ತಾಯಮ್ಮ. ಓಲೆಯಲ್ಲಿ ನಂಬಿಕೆಯಿಲ್ಲದವನಾಗಿದ್ದರೆ ಕಡ್ಡಿ ಇಟ್ಟು, ಬಂದದ್ದನ್ನು ನೋಡಿ ನಕ್ಕು, ಬಸ್ಸು ಹತ್ತುತ್ತಿದ್ದೆ. ನಾನು ನಗಲಾರೆ. ಕಡ್ಡಿ ಎಲ್ಲಿ ಆ ಭಿಕ್ಷುಕನ ಓಲೆಗೇ ಹೋಗಿ ನಿಲ್ಲುತ್ತದೋ ಎಂದು ಹೆದರಿದ್ದೆ. ನಂಬಿದ್ದರಿಂದಲೇ ತಪ್ಪಿಸಿಕೊಂಡೆ — ಇಂಥ ನಂಬಿಕೆಗೆ ಏನೆನ್ನಬೇಕೋ…

ನೀನು ಬಂದದ್ದು ಮೂರನೆಯ ದಿನ, ಹೊತ್ತು ನೆತ್ತಿಗೆ ಬಂದಿತ್ತು. ಮರುದಿನ ಸೂಜಿಯವರು ಕೆರೆ ಏರಿಗೆ ಬರುವವರಿದ್ದರು. ಪಟೇಲರೂ ಇನ್ನು ನಾಲ್ಕು ಜನರೂ ಹೊಂಗೆಮರದ ಕೆಳಗೆ ಸೇರಿದ್ದರು. ಗುಡಿಸಲೊಳಗೆ ಗೌರಿ ಸೂಜಿಯ ಜ್ವರದಲ್ಲಿ ನರಳುತ್ತಿದ್ದಳು. ತೋಳು ಊದಿ ಕೆಂಪಾಗಿತ್ತು. ಸದ್ದು ಹೊರಗೆ ಕೇಳದಿರಲೆಂದು ಶಾಂತ ಆ ಹೊತ್ತಲ್ಲದ ಹೊತ್ತಿನಲ್ಲಿ ರಾಗಿ ಬೀಸಲು ಕೂತಳು. ನೀನು ಒದ್ದೆ ಕೂದಲಲ್ಲಿ ಕಣ್ಣು ಮುಚ್ಚಿ ಕಡ್ಡಿ ತೂರಿಸಿದೆ. ನಾನು ದಾರ ಸಡಿಲಿಸಿ ಓಲೆ ಬಿಡಿಸಿದೆ.

ಅದೇ ಓಲೆ.

ಇದ್ದದ್ದನ್ನು ಇದ್ದ ಹಾಗೇ ಓದಿದೆ. ಸ್ವಾಮಿ ಬೇಡಿದ ಮಗುವನ್ನು ಸೂಜಿಯ ಹಿಂದೆ ಬಚ್ಚಿಡಬಾರದು ಎಂದೇ ಕೇಳಿದವರಿಗೆಲ್ಲ ಅರ್ಥವಾಯಿತು. ಓದಿದ್ದರಲ್ಲಿ ತಪ್ಪಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಅರ್ಥ ಹೇಳುವ ಹಕ್ಕು ನನ್ನದಲ್ಲವೇ? ಅಪ್ಪ ಎಷ್ಟೋ ಸಲ ಕಠಿಣ ಓಲೆ ಬಂದಾಗ ಅರ್ಥದಲ್ಲಿ ಮೆತ್ತಗೆ ಮಾಡಿ ಜನರನ್ನು ಮನೆಗೆ ಕಳಿಸುತ್ತಿದ್ದರು. ‘ಮಗುವನ್ನು ನನ್ನ ಕೈಗೆ ಕೊಡು ಅಂತಾನೆ ಸ್ವಾಮಿ, ಸೂಜಿಯವರ ರೂಪದಲ್ಲಿ ಅವನೇ ಬರ್ತಿದಾನೆ’ ಎಂದಿದ್ದರೆ ಸಾಕಾಗಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಟೇಲರು ನನ್ನನ್ನೇ ನೋಡುತ್ತಿದ್ದರು. ಸೂಜಿಯ ಪರ ಒಂದು ಮಾತಾಡಿದರೆ ಯಾಕೆ ಎಂದು ಕೇಳುತ್ತಾರೆ, ಗುಡಿಸಲ ಒಳಗೆ ಇಣುಕುತ್ತಾರೆ, ಓಲೆ ಓದುವವನೇ ಓಲೆ ಕೇಳದೆ ಮಗಳಿಗೆ ಸೂಜಿ ಹಾಕಿಸಿದ್ದಾನೆ ಎಂದು ಊರೆಲ್ಲ…

ನೀನು ಪಟೇಲರ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿ ಕೇಳಿದೆ: “ಅಯ್ನೋರೆ, ನಿಮ್ ಮಗ್ಳೇ ಆಗಿದ್ರೆ ನೀವೇನ್ ಮಾಡ್ತಿದ್ರಿ?”

ಒಳಗೆ ಗೌರಿ “ಅಮ್ಮಾ” ಎಂದಳು. ಬೀಸುಕಲ್ಲು ಜೋರಾಯಿತು.

“ಓಲೆ ಹೇಳಿದ ಮೇಲೆ ನನ್ ಮಾತು ಯಾಕಮ್ಮ,” ಎಂದೆ.

“ಮಗ ಯಾಕ್ ನರಳ್ತಾದೆ?”

“ಹೊಟ್ಟೆನೋವು. ಎಳನೀರು ಜಾಸ್ತಿ ಕುಡಿದಳು.”

ನೀನು ಓಲೆಗೆ ಹಣೆ ಮುಟ್ಟಿಸಿ ಎದ್ದೆ. ಮರುದಿನ ಕೆರೆ ಏರಿಯ ಮೇಲೆ ಸೂಜಿಯವರು ಹೆಸರು ಕೂಗುತ್ತಿದ್ದಾಗ ನಿಂಗಿಯನ್ನು ಸೊಂಟಕ್ಕೆ ಏರಿಸಿಕೊಂಡು ನೀನು ಹೊಲದ ಒಳಕ್ಕೆ ನಡೆದುಹೋದದ್ದನ್ನು ನಾನು ಗುಡಿಸಲ ಸಂದಿಯಿಂದ ನೋಡಿದೆ. ಕೂಗಲಿಲ್ಲ. ಒಂದು ವಾರಕ್ಕೆ ನಿಂಗಿಗೆ ಜ್ವರ ಬಂತು, ತೊಡೆಸಂದಿಯಲ್ಲಿ ಗೆಡ್ಡೆ ಎದ್ದಿತು. ಮೂರು ದಿನವೂ ತಾಳಲಿಲ್ಲ ಮಗು.

ಸಾವಿನ ಮನೆಯಲ್ಲಿ ಓದುವ ಓಲೆಯನ್ನು ಓದಲು ನಾನೇ ಬಂದೆ. ‘ಹೋದವರೆಲ್ಲ ನನ್ನ ಮಡಿಲಲ್ಲಿದ್ದಾರೆ’ ಎಂದು ಸ್ವಾಮಿ ಹೇಳುವ ಓಲೆ. ಅಕ್ಷರಗಳು ಕಣ್ಣಿಗೆ ಕಾಣಿಸಲೇ ಇಲ್ಲ, ಬಾಯಿಪಾಠದಿಂದ ಹೇಳಿದೆ. ಮುಗಿಸಿ ಏಳುವಾಗ ತಡೆಯದೆ “ತಾಯಮ್ಮ, ಅವತ್ತು ನಾನು —” ಎಂದೆ. ನೀನು ಕೈ ಅಡ್ಡ ಹಿಡಿದೆ. ಅವತ್ತು ನೀನಾಡಿದ ಒಂದೊಂದು ಮಾತೂ ನನ್ನ ಕಿವಿಯಲ್ಲಿದೆ.

“ಬುಡಿ ಅಯ್ನೋರೆ. ನಂಗೂ ಸಿಟ್ ಬತ್ತದೆ. ಮಗೀನ ಕೇಳೋನು ಅದೆಂತಾ ಸ್ವಾಮಿ ಅಂತ ನಿನ್ನೆಯಿಂದ ನೂರ್ ಸಲ ಬೈದಿವ್ನಿ. ಆದ್ರೆ ನನ್ ಗಂಡ ಸತ್ತಾಗ ನೀವೇ ಬಂದು ಇದೇ ಓಲೆ ಓದುದ್ರಿ. ಸತ್ತೋರೆಲ್ಲ ನನ್ ಮಡ್ಲಲ್ಲವ್ರೆ ಅಂತ ಸ್ವಾಮಿ ಏಳವ್ನೆ ಅಂದ್ರಿ. ಆ ಮಾತ ಇಡ್ಕಂಡೇ ನಾನು ಎದ್ದು ಒಂದ್ ತುತ್ತು ಉಂಡಿದ್ದು. ಆ ಓಲೇನ ಮಡಿಕ್ಕಂಡು, ಮಗೀನ ಕೇಳ್ದ ಓಲೇನ ಬ್ಯಾಡ ಅನ್ನಕ್ಕಾಯ್ತದಾ? ಅದು ಸುಳ್ಳಾದ್ರೆ ಇದೂ ಸುಳ್ಳೇ. ಅವಾಗ ನನ್ ನಿಂಗಿ ಎಲ್ಲವ್ಳೆ ಅಂತ ಯಾರ್ನ ಕೇಳ್ಲಿ?”

ಅದುವರೆಗೆ ನಾನು ತಿಳಿದದ್ದು ಬೇರೆ. ಓದು ಬಾರದ ಜನ, ಏನು ಓದಿದರೂ ತಲೆಬಾಗುತ್ತಾರೆ, ಆ ಕಥೆಯಲ್ಲಿರುವ ಕ್ರೌರ್ಯ ಇವರಿಗೆ ತಟ್ಟುವುದೇ ಇಲ್ಲ ಎಂದುಕೊಂಡಿದ್ದೆ. ನಿನಗೆ ತಟ್ಟಿತ್ತು. ನನಗಿಂತ ಚೆನ್ನಾಗಿ ತಟ್ಟಿತ್ತು, ಬೈದೂ ಬೈದಿದ್ದೆ. ಬೈದ ಮೇಲೂ ಇಡೀ ಕಟ್ಟನ್ನು ಎದೆಗೆ ಅವಚಿಕೊಂಡೆ, ಯಾಕೆಂದರೆ ನಿನ್ನ ಗಂಡನೂ ಮಗಳೂ ಅದರೊಳಗೆ ಇದ್ದರು. ನಾನಾದರೋ ನನಗೆ ಬೇಕಾದ ಗರಿಗಳನ್ನು ಇಟ್ಟುಕೊಂಡು ಬೇಡದ್ದರಿಂದ ಬಸ್ಸು ಹತ್ತಿ ಓಡಿಹೋದವನು.

ಆ ದಿನ ಬಾಯಿ ಮುಚ್ಚಿಕೊಂಡು ಬಂದೆ. ನಿನ್ನ ಸಮಾಧಾನ ಕೆಡಿಸಬಾರದೆಂದು ಸುಮ್ಮನಾದೆ ಎಂದರೆ ಅದೂ ಸುಳ್ಳಾಗುತ್ತದೆ. ಹೆದರಿದ್ದೆ, ಅಷ್ಟೇ. ಆಮೇಲೆ ಪ್ರತಿ ಅಮಾವಾಸ್ಯೆಗೂ ನೀನು ಬಂದು ಓಲೆಗೆ ಕೈಮುಗಿದು ನನ್ನ ಕಾಲಿಗೂ ಬೀಳುತ್ತಿದ್ದೆ. ನೀನು ದೂರದಲ್ಲಿ ಕಂಡರೇ ಸಾಕು, ಗೌರಿಯನ್ನು ಹಿತ್ತಲಿಗೆ ಕಳಿಸುತ್ತಿದ್ದೆ. ನೀನು ಊರು ಬಿಟ್ಟು ಯಲಿಯೂರಿನ ನಿನ್ನ ತಮ್ಮನ ಮನೆಗೆ ಹೋದಾಗ ನನಗೆ ಎಷ್ಟು ಹಗುರವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ.

ಮೊನ್ನೆ ನಿನ್ನ ತಮ್ಮ ಮರಿಯಪ್ಪ ಬಂದಿದ್ದ. ಸ್ವರಾಜ್ಯ ಬಂತೆಂದು ಮದ್ದೂರಿನಲ್ಲಿ ಮಕ್ಕಳಿಗೆ ಮಿಠಾಯಿ ಹಂಚಿದ್ದನ್ನೆಲ್ಲ ಮಾತಾಡಿ, ಎದ್ದು ಹೋಗುವಾಗ ವಿಷಯ ತೆಗೆದ. ಯಲಿಯೂರ ಕಡೆ ಮತ್ತೆ ಇಲಿ ಬಿದ್ದಿದೆಯಂತೆ. ಅವನಿಗೆ ನಾಲ್ಕು ವರ್ಷದ ಮಗಳಿದ್ದಾಳೆ. “ಸೂಜಿ ಆಕ್ಸುಮಾ ಅಂದ್ರೆ ಅಕ್ಕ ಒಪ್ತಿಲ್ಲ ಅಯ್ನೋರೆ. ಮೊದ್ಲು ನೀವು ಓಲೆ ತಕ್ಕಂಡ್ ಬಂದು ಕಡ್ಡಿ ಮಡುಗ್ಬೇಕಂತೆ. ಓಲೇಲಿ ಏನ್ ಬತ್ತದೋ ಅದೇಯ ಅಂತವ್ಳೆ.” ಸೋಮವಾರ ಬರುತ್ತೇನೆ ಎಂದು ಕಳಿಸಿದೆ.

ಅವನು ಹೋದ ಮೇಲೆ ಒಂದು ಉಪಾಯ ಹೊಳೆಯಿತು. ದಾರವನ್ನು ಒಂದು ಕಡೆ ಬಿಗಿದು ಇನ್ನೊಂದು ಕಡೆ ಸಡಿಲ ಬಿಟ್ಟರೆ ಕಡ್ಡಿ ನಮಗೆ ಬೇಕಾದ ಓಲೆಗೇ ಹೋಗುತ್ತದೆ. ಅಪ್ಪ ತೋರಿಸಿಕೊಟ್ಟ ಗುಟ್ಟು ಅದು. ಮಗು ಉಳಿಯುತ್ತದೆ, ನಿನ್ನ ನಂಬಿಕೆ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ದಾರ ಕೈಗೆ ತೆಗೆದುಕೊಂಡೂ ಇದ್ದೆ. ಆಗ ಜ್ಞಾಪಕವಾಯಿತು — ಈ ಗುಟ್ಟು ಐದು ವರ್ಷದ ಹಿಂದೆಯೂ ನನಗೆ ಗೊತ್ತಿತ್ತಲ್ಲ, ತಾಯಮ್ಮ. ನಿಂಗಿಗಾಗಿ ದಾರ ಸಡಿಲಿಸಬಹುದು ಎಂದು ಅವತ್ತು ನನಗೆ ಯಾಕೆ ಹೊಳೆಯಲಿಲ್ಲ? ನನ್ನ ಮಗು ಆಗಲೇ ಉಳಿದಿತ್ತು, ಅದಕ್ಕೇ ಹೊಳೆಯಲಿಲ್ಲ.

ನಿನ್ನೆ ಗೌರಿಗೆ ಎಲ್ಲವನ್ನೂ ಹೇಳಿದೆ. ಯಾರು ಕೇಳಿದರೂ ಹೊಟ್ಟೆನೋವು ಎನ್ನು ಎಂದು ಅವಳಿಗೆ ಕಲಿಸಿದ್ದೆನಲ್ಲ, ಅದನ್ನೂ ನೆನಪಿಸಿದೆ. ಅವಳು “ನಿಂಗಿಗೂ ಈಗ ಹನ್ನೆರಡೇ ಆಗಿರ್ತಿತ್ತಲ್ವಾ ಅಪ್ಪ?” ಎಂದು ಕೇಳಿ ಎದ್ದು ಒಳಗೆ ಹೋದಳು. ಆಗಿನಿಂದ ನನ್ನ ತಟ್ಟೆಗೆ ಬಡಿಸುತ್ತಾಳೆ, ಮುಖ ನೋಡುವುದಿಲ್ಲ.

ಓಲೆ ಸುಳ್ಳೋ ನಿಜವೋ ನನಗೆ ಇವತ್ತಿಗೂ ಗೊತ್ತಿಲ್ಲ. ಓದಿದವನು ಸುಳ್ಳ ಎಂಬುದಷ್ಟೇ ಗೊತ್ತು. ಅದನ್ನು ಹೇಳಿದರೆ ನಿನ್ನ ಕೈಯಲ್ಲಿ ಉಳಿದಿರುವ ಒಂದೇ ಓಲೆಯನ್ನೂ ಕಿತ್ತುಕೊಂಡ ಹಾಗಾಗುತ್ತದೋ ಏನೋ ಎಂದು ಈ ಸಾಲನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದೆ. ಹೇಳದಿದ್ದರೆ ಇನ್ನೊಂದು ಮಗು.

ಸೋಮವಾರ ಬೆಳಗಿನ ರೈಲಿಗೆ ಗೌರಿಯನ್ನು ಕರೆದುಕೊಂಡು ಬರುತ್ತೇನೆ. ಓಲೆ ತರುವುದಿಲ್ಲ. ಮೊದಲು ಮರಿಯಪ್ಪನ ಮಗಳನ್ನು ಸೂಜಿಗೆ ಕಳಿಸಿ ಎನ್ನುತ್ತೇನೆ, ಆಮೇಲೆ ಈ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಿನ್ನೆದುರು ಓದುತ್ತೇನೆ. ನೀನು ಎದ್ದು ಹೋಗಬಹುದು, ಮುಖಕ್ಕೆ ಉಗಿಯಬಹುದು. ಆದರೆ ನನಗೆ ಭಯವಿರುವುದು ಅದರದ್ದಲ್ಲ. ಹಾಗಾದರೆ ನನ್ನ ನಿಂಗಿ ಎಲ್ಲಿದ್ದಾಳೆ ಎಂದು ನೀನು ಕೇಳುತ್ತೀಯ. ನಾನು ಅರ್ಥ ಹೇಳುವುದಿಲ್ಲ. ಗೊತ್ತಿಲ್ಲ ತಾಯಮ್ಮ ಎನ್ನುತ್ತೇನೆ.