ನಾಗವೇಣಿ ಸೈಕಲ್ ಹತ್ತಿದ್ದು

ನಮ್ಮ ಹೊಸಬಾಳೆಯಲ್ಲಿ ಬೆಳಗಾಗುವುದು ಕೋಳಿ ಕೂಗಿದ್ದಕ್ಕಲ್ಲ, ನಾಗವೇಣಿಯ ಗಾಡಿ ಕೂಗಿದ್ದಕ್ಕೆ. ಪಂಚಾಯಿತಿಯ ಕಸದ ಗಾಡಿ ಅದು. ಮೇಲೊಂದು ಮೈಕು. ರೆಕಾರ್ಡ್ ಮಾಡಿಟ್ಟ ಹಾಡು ಮುಗಿದ ಕೂಡಲೇ ನಾಗವೇಣಿಯ ಸ್ವಂತ ದನಿ ಶುರುವಾಗುತ್ತದೆ: "ಹಸಿ ಕಸ ಬೇರೆ, ಒಣ ಕಸ ಬೇರೆ ತನ್ನಿ. ತೋಟಪ್ಪಣ್ಣ, ನಿನ್ನೆ ನಿಮ್ಮ ಬಕೆಟ್ನಾಗೆ ಬಾಟ್ಲಿ ಇತ್ತು, ಯಾರದ್ದು ಅಂತ ನಾ ಕೇಳಲ್ಲ." ಕೇಳುವುದಿಲ್ಲವೆಂದು ಊರಿಗೆಲ್ಲ ಮೈಕಿನಲ್ಲಿ ಸಾರಿದ ಮೇಲೆ ತೋಟಪ್ಪನಿಗೆ ಉಳಿಯುವುದೇನು? ಅವಳ ಬಾಯಿ ಅಂಥದ್ದು. ಹೊಟ್ಟೆಯೊಳಗೆ ಒಂದು ಮಾತೂ ನಿಲ್ಲುವುದಿಲ್ಲ.

ನಾನು ಇಲ್ಲಿನ ಹಾಲಿನ ಸೊಸೈಟಿಯ ಸೆಕ್ರೆಟರಿ. ಬೆಳಿಗ್ಗೆ ಊರಿನ ಅರ್ಧ ಮುಖಗಳನ್ನು ನೋಡುವವನು. ಎರಡು ಮುಖಗಳು ಒಂದೇ ಸಾಲಿನಲ್ಲಿ ನಿಂತೂ ಒಂದನ್ನೊಂದು ನೋಡದಿರುವುದನ್ನು ಎರಡು ವರ್ಷ ನೋಡಿದ್ದೇನೆ. ಒಂದು ನಾಗವೇಣಿಯದು. ಇನ್ನೊಂದು ಅವಳ ವಾರಗಿತ್ತಿ, ಅಂದರೆ ಗಂಡ ರಂಗಪ್ಪನ ಅಣ್ಣನ ಹೆಂಡತಿ, ಗುಡ್ಡಮ್ಮನದು. ಮನೆ ಪಾಲಾಗಿದ್ದರೂ ಗೋಡೆ ಒಂದೇ. ಈ ಕಡೆ ಒಗ್ಗರಣೆ ಹಾಕಿದರೆ ಆ ಕಡೆ ಸೀನುತ್ತಾರೆ.

ಜಗಳ ಬಂದದ್ದು ಗಾಡಿಯಿಂದ. ಕಸದ ಗಾಡಿ ಓಡಿಸಲು ಸ್ತ್ರೀಶಕ್ತಿ ಸಂಘದ ಹೆಂಗಸರಲ್ಲೇ ಒಬ್ಬರಿಗೆ ಡ್ರೈವಿಂಗ್ ಕಲಿಸುತ್ತೇವೆ ಎಂದು ಪಂಚಾಯಿತಿಯವರು ಕೇಳಿದಾಗ ಎಲ್ಲರೂ ಸೆರಗಿನ ತುದಿ ನೋಡುತ್ತ ಕೂತರು. ನಲವತ್ತು ದಾಟಿದ್ದ ನಾಗವೇಣಿ ಎದ್ದು ನಿಂತಳು. ಅದೇ ಹೊತ್ತಿಗೆ ಗುಡ್ಡಮ್ಮನ ಮಗಳು ನಯನಳಿಗೆ ಗಂಡು ನೋಡುತ್ತಿದ್ದರು. ಗುಡ್ಡಮ್ಮ ಕೆಟ್ಟವಳಲ್ಲ, ಹೆದರಿದವಳು. "ಮನೆ ಸೊಸೆ ಊರ ಕೊಳೆ ಹೊತ್ತರೆ, ನಾಳೆ ಹೆಣ್ಣು ನೋಡಕ್ಕೆ ಬಂದೋರು ಎಂತ ಅಂತಾರೆ?" ಎಂದಳು. ನಾಗವೇಣಿ ಸುಮ್ಮನಿರಬಹುದಿತ್ತು. "ಕಸ ಎತ್ತಿದ್ರೆ ಹೋಗೋ ಮಾನ ಆದ್ರೆ ಹೋಗ್ಲಿ ಬಿಡಕ್ಕ" ಅಂದುಬಿಟ್ಟಳು. "ಹಂಗಾದ್ರೆ ನನ್ನ ಹೊಸ್ತಿಲು ತುಳೀಬೇಡ, ನನ್ನ ಮುಟ್ಟಬೇಡ" ಎಂದು ಗುಡ್ಡಮ್ಮ ಬಾಗಿಲು ಹಾಕಿಕೊಂಡಳು.

ಸೊಂಟದ ಮೇಲೆ ಹೊತ್ತು ಬೆಳೆಸಿದ ನಯನಳ ಮದುವೆಗೆ ನಾಗವೇಣಿ ಹೋಗಲಿಲ್ಲ. ರಂಗಪ್ಪ ಒಬ್ಬನೇ ಹೋಗಿ ಅಕ್ಕಿಕಾಳು ಹಾಕಿ ಬಂದ. ಗಾಡಿ ಮಾತ್ರ ದಿನಾ ಗುಡ್ಡಮ್ಮನ ಬಾಗಿಲ ಮುಂದೆ ನಿಲ್ಲುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಗುಡ್ಡಮ್ಮ ಕಸವನ್ನೆಲ್ಲ ಹಿತ್ತಲ ತಿಪ್ಪೆಗೆ ಸುರಿಯುತ್ತಿದ್ದಳು. ಸ್ವಲ್ಪ ಹೊತ್ತು ಕಾದು ಗಾಡಿ ಮುಂದೆ ಹೋಗುತ್ತಿತ್ತು.

ಹೋದ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಶಿಕಾರಿಪುರದಿಂದ ಹರ್ಷವರ್ಧನ ಎಂಬ ಹುಡುಗ ಬಂದ. ಅಲ್ಲಿ ಜಿಮ್ ನಡೆಸುವವನು. ನಮ್ಮ ಕೆರೆ ನೋಡಿ ಮನಸೋತು, ಟ್ರಯಾತ್ಲಾನ್ ಇಲ್ಲೇ ಮಾಡುತ್ತೇವೆ ಎಂದ. ಸಾರುವ ಕೆಲಸ ಎಂದಿನಂತೆ ನಾಗವೇಣಿಯ ಮೈಕಿಗೆ ಬಂತು. "ಕೆರೆಯಾಗೆ ಈಜೋದು, ಕುಪ್ಪಗಡ್ಡೆ ರಸ್ತೆಯಾಗೆ ಸೈಕಲ್ ಹೊಡೆಯೋದು, ಏರಿ ಮೇಲೆ ಓಡೋದು. ಮೂರೂ ಒಂದೇ ಉಸಿರಿಗೆ! ನಲವತ್ತು ದಾಟಿದ ಹೆಂಗಸ್ರೂ ಬರಬಹುದು. ಮುಗಿಸಿದೋರಿಗೆಲ್ಲ ಪದಕ, ಹೆಸ್ರು ಮೈಕಿನಾಗೆ ಕೂಗ್ತಾರೆ!" ದಿನಾ ಕೂಗಿದರೂ ಊರಿನ ಒಬ್ಬ ಹೆಂಗಸೂ ಹೆಸರು ಕೊಡಲಿಲ್ಲ. ಚಾ ಅಂಗಡಿಯಲ್ಲಿ ತೋಟಪ್ಪ ಬಾಟಲಿಯ ಸೇಡು ತೀರಿಸಿಕೊಂಡ. "ಊರೋರ್ನೆಲ್ಲ ಕರೀತೀಯಲ್ಲ ಮಾರಾಯ್ತಿ, ನೀನೇ ಹೋಗು. ಕಸದ ನಾಗವೇಣಿ ಕೆರೆಗೆ ಬಿದ್ರೆ ಕೆರೆನಾದ್ರೂ ಸ್ವಚ್ಛ ಆಗ್ತದೆ." ಎಲ್ಲರೂ ನಕ್ಕರು. ನಾನೂ ನಕ್ಕೆ. ನಾಗವೇಣಿ ಅಲ್ಲಿಂದಲೇ ಹರ್ಷವರ್ಧನನಿಗೆ ಫೋನ್ ಮಾಡಿ ಹೆಸರು ಕೊಟ್ಟಳು.

ಆ ಸಂಜೆ ಹಾಲಿನ ಡೈರಿಯಲ್ಲಿ ಅವಳು ನನಗೆ ಹೇಳಿದ ಮಾತು: "ಕಸದ ನಾಗವೇಣಿ, ಕಸದ ನಾಗವೇಣಿ. ಕೇಳಿ ಕೇಳಿ ಸಾಕಾಗಿದೆ ಅಣ್ಣ. ಒಂದೇ ಒಂದು ಸಲ ಕಸ ಅನ್ನೋ ಮಾತಿಲ್ದೆ ನನ್ನ ಹೆಸ್ರು ಮೈಕಿನಾಗೆ ಬರ್ಬೇಕು. ಅದು ಗುಡ್ಡಮ್ಮಕ್ಕನ ಕಿವಿಗೆ ಬೀಳ್ಬೇಕು." ಹೇಳುವಾಗ ಅವಳ ಕಣ್ಣು ತುಂಬಿತ್ತು. ಚಾ ಅಂಗಡಿಯಲ್ಲಿ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಈಜು ಅವಳಿಗೆ ಕಷ್ಟವಲ್ಲ. ತವರು ಶಿಕಾರಿಪುರದ ಕಡೆ. ಚಿಕ್ಕವಳಿದ್ದಾಗ ಎಮ್ಮೆಯ ಬಾಲ ಹಿಡಿದು ಈಜು ಕಲಿತವಳು. ಓಟವೂ ಅಷ್ಟೆ, ಸೊರಬದ ಬಸ್ಸಿನ ಹಿಂದೆ ಓಡದ ಹೆಂಗಸು ನಮ್ಮ ಕಡೆ ಯಾರಿದ್ದಾರೆ? ತೊಡಕು ಇದ್ದದ್ದು ಸೈಕಲ್ಲಿನದು. ನಾಲ್ಕು ಚಕ್ರದ ಗಾಡಿ ಓಡಿಸುವ ನಾಗವೇಣಿ ಜನ್ಮದಲ್ಲಿ ಸೈಕಲ್ ಮುಟ್ಟಿರಲಿಲ್ಲ. ಶಾಲೆಯ ಹೆಣ್ಣುಮಕ್ಕಳಿಗೆ ಸರ್ಕಾರ ಸೈಕಲ್ ಕೊಡುವ ಹೊತ್ತಿಗೆ ಅವಳು ಮದುವೆಯಾಗಿ ದನದ ಕೊಟ್ಟಿಗೆ ಬಳಿಯುತ್ತಿದ್ದಳು.

ಸೊರಬದಲ್ಲಿ ಸೈಕಲ್ ರಿಪೇರಿ ಮಾಡುವ ಗುಲಾಬ್ ಸಾಬ್ ಒಂದು ಹಳೆಯ ಲೇಡೀಸ್ ಸೈಕಲ್ಲಿಗೆ ಹೊಸ ಟಯರು ಹಾಕಿ ಕೊಟ್ಟರು. ಕಲಿಸುವುದಕ್ಕೆ ತಾವೇ ಬಂದರು. "ಅಮ್ಮಾ, ಅಷ್ಟು ದೊಡ್ಡ ಗಾಡಿ ಓಡಿಸ್ತೀರಿ, ಇದಕ್ಕೆ ಹೆದರ್ತೀರಲ್ರೀ?"

"ಅದು ತಾನೇ ನಿಲ್ತದೆ ಸಾಬ್ರೇ. ಇದು ನಾ ಹಿಡಿದ್ರೂ ನಿಲ್ಲಲ್ಲ."

ಬಿದ್ದಳು, ಎದ್ದಳು, ಮಂಡಿ ತರಚಿಕೊಂಡಳು, ಕೊನೆಗೆ ಓಡಿಸಿದಳು. ಆದರೆ ನೆಲದ ಮೇಲೆ ನಿಂತು ಸೈಕಲ್ ಹತ್ತುವುದು ಮಾತ್ರ ಬರಲಿಲ್ಲ. ಕಾಲು ಗಿಡ್ಡ, ಸೀಟು ಎತ್ತರ, ಮನಸ್ಸಿನಲ್ಲಿ ಭಯ. ಮೋರಿಕಟ್ಟೆಯ ಮೇಲೆ ಒಂದು ಕಾಲಿಟ್ಟು ಹತ್ತುವಳು. ಇಳಿಯಬೇಕಾದರೆ ಇನ್ನೊಂದು ಮೋರಿಕಟ್ಟೆಯೇ ಬೇಕು. "ನೆಲದಿಂದ ಹತ್ತಕ್ಕೆ ಕಲೀರಿ ಅಮ್ಮಾ" ಎಂದು ಗುಲಾಬ್ ಸಾಬ್ ಗೋಗರೆದರು. "ನಾ ದಾರಿಯಾಗೆ ಇಳಿಯೋದೇ ಇಲ್ಲ, ಮತ್ತೆಂತಕ್ಕೆ ಹತ್ತೋದು?" ಎಂದಳು. ಗುಲಾಬ್ ಸಾಬ್ ಆಕಾಶ ನೋಡಿದರು.

ಸ್ಪರ್ಧೆಯ ದಿನ ಭಾನುವಾರ. ಸುತ್ತ ಭತ್ತದ ಕೊಯ್ಲು. ಕೆರೆಯ ದಂಡೆಯಲ್ಲಿ ಹರ್ಷವರ್ಧನ ನಿಯಮ ಓದಿದ. "ಬೇರೆ ಯಾರೂ ನಿಮ್ಮನ್ನಾಗ್ಲಿ ಸೈಕಲ್ಲನ್ನಾಗ್ಲಿ ಮುಟ್ಟೋ ಹಾಗಿಲ್ಲ. ಮುಟ್ಟಿದ್ರೆ ಔಟ್. ಸೈಕಲ್ ವಾಪಸ್ ತರೋಕೆ ಒಂದು ಟೈಮ್ ಇದೆ, ಮೀರಿದ್ರೆ ಓಡೋಕೆ ಬಿಡಲ್ಲ." ನಾಗವೇಣಿ ಚೂಡಿದಾರದ ಮೇಲೆ ಟೀ ಶರ್ಟು ಹಾಕಿ, ತಲೆಗೆ ರಬ್ಬರ್ ಟೋಪಿ ಏರಿಸಿ ನಿಂತಿದ್ದಳು. ನೀರು ಕೊಡುವ ಮೇಜಿನ ಹಿಂದೆ ನಿಂತಿದ್ದ ನನಗೆ ನಗು ಬರಲಿಲ್ಲ, ಭಯವಾಯಿತು.

ಕೆರೆಯಿಂದ ಅವಳು ನಡುವಿನ ಗುಂಪಿನಲ್ಲೇ ಎದ್ದು ಬಂದಳು. ಒದ್ದೆ ಬಟ್ಟೆಯಲ್ಲೇ ಸೈಕಲ್ ತಳ್ಳಿಕೊಂಡು ಹೋಗಿ, ಕೋಡಿಯ ಕಟ್ಟೆಯ ಮೇಲೆ ಕಾಲಿಟ್ಟು ಹತ್ತಿದಳು. ಕೇರಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಕುಪ್ಪಗಡ್ಡೆ ರಸ್ತೆಯ ತಿರುವಿನಲ್ಲಿ ಅವಳು ಕಣ್ಮರೆಯಾದಳು.

ಮುಂದಿನದು ನನ್ನ ಕಣ್ಣಿಗೆ ಬಿದ್ದದ್ದಲ್ಲ. ನಾಗವೇಣಿ ಹೇಳಿದ್ದು, ಗುಡ್ಡಮ್ಮ ಅಲ್ಲಗಳೆಯದೆ ಬಿಟ್ಟದ್ದು.

ವಾಪಸ್ ಬರುವಾಗ ಎದುರಿಗೆ ಭತ್ತ ಕೊಯ್ಯುವ ಮಷೀನು ಬಂತು. ರಸ್ತೆಯಷ್ಟೇ ಅಗಲ. ಅದಕ್ಕೆ ದಾರಿ ಬಿಡಲು ನಾಗವೇಣಿ ಅಂಚಿಗೆ ಸರಿದಳು, ಅಂಚು ಮುಗಿಯಿತು, ಸೈಕಲ್ ಸಮೇತ ಕೆಸರು ಹುಲ್ಲಿನ ಮೇಲೆ ಬಿದ್ದಳು. ಮಷೀನು ಪಕ್ಕದ ಗದ್ದೆಗೆ ಇಳಿಯಿತು. ಗದ್ದೆ ಯಾರದ್ದು? ಗುಡ್ಡಮ್ಮನದು. ಬದುವಿನ ಮೇಲೆ ಚಾ ಪಾತ್ರೆ ಹಿಡಿದು ನಿಂತಿದ್ದವಳೂ ಅವಳೇ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ ಎನ್ನುತ್ತಾರಲ್ಲ, ಅದೇ ಆಯಿತು.

ನಾಗವೇಣಿ ಎದ್ದು ಕೆಸರು ಒರೆಸಿಕೊಂಡಳು. ಹತ್ತಿರದಲ್ಲಿ ಮೋರಿಯಿಲ್ಲ, ಕಲ್ಲಿಲ್ಲ. ನೆಲದಿಂದ ಹತ್ತಲು ನೋಡಿದಳು, ಸೈಕಲ್ ವಾಲಿತು. ಮತ್ತೆ ನೋಡಿದಳು, ಮತ್ತೆ ವಾಲಿತು. ಮುಂದಿನ ಮೋರಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ಹೊತ್ತು ಮೀರುತ್ತದೆ. ಆದರೂ ತಳ್ಳತೊಡಗಿದಳು. ಅಳು ಬಂದಿತ್ತು, ಗುಡ್ಡಮ್ಮನಿಗೆ ಕಾಣಬಾರದೆಂದು ಮುಖ ಆ ಕಡೆ ತಿರುಗಿಸಿದ್ದಳು.

"ನಿಲ್ಲೇ."

ಎರಡು ವರ್ಷಗಳಲ್ಲಿ ಮೊದಲ ಮಾತು. ಗುಡ್ಡಮ್ಮ ಚಾ ಪಾತ್ರೆ ಬದುವಿನ ಮೇಲಿಟ್ಟು ರಸ್ತೆಗೆ ಹತ್ತಿ ಬಂದಳು. "ಪ್ಯಾಂಟ್ ಹಾಕ್ಕಳದು ಹಾಕ್ಕಂಡೆ, ನೆಟ್ಟಗಾದ್ರೂ ಹಾಕ್ಕಳಬಾರ್ದಾ? ಚೈನಿಗೆ ಸಿಕ್ಕಂಡು ಸಾಯ್ತೀಯ" ಎಂದು ಬಗ್ಗಿ ಕಾಲಿನ ಬಟ್ಟೆ ಮಡಚಿದಳು. ಮತ್ತೆ ಸೈಕಲ್ಲಿಗೆ ಒತ್ತಿ ನಿಂತು ಹೆಗಲು ಕೊಟ್ಟಳು. "ಹತ್ತು."

"ಬ್ಯಾಡಕ್ಕ. ಯಾರೂ ಮುಟ್ಟಂಗಿಲ್ಲಂತೆ. ಮುಟ್ಟಿದ್ರೆ ಔಟಂತೆ."

"ಎರಡು ವರ್ಷ ಮುಟ್ಟದೇ ಇದ್ದಿದ್ದು ಸಾಕು. ಹತ್ತೇ."

ನಾಗವೇಣಿ ಯೋಚಿಸಲಿಲ್ಲ. ಆ ಹೆಗಲ ಮೇಲೆ ಕೈಯೂರಿ ಹತ್ತಿದಳು.

ಸೈಕಲ್ ಹೊತ್ತಿಗೆ ಮುಂಚೆಯೇ ಬಂತು. ಏರಿಯ ಮೇಲಿನ ಓಟ ಅವಳದು ಓಟವಲ್ಲ, ಕುಂಟುತ್ತ ಓಡಿದ ನಡಿಗೆ. ಎಲ್ಲರಿಗಿಂತ ಕೊನೆಯಲ್ಲಿ ಬಂದಳು. ಆದರೂ ಮೈಕು ಕೂಗಿತು: "ನಾಗವೇಣಿ ರಂಗಪ್ಪ, ಹೊಸಬಾಳೆ!" ಕಸದ ಮಾತಿಲ್ಲ. ರಂಗಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಕೊರಳಿಗೆ ಪದಕ ಹಾಕಿದ ಹರ್ಷವರ್ಧನ, "ಎರಡು ಮಾತು ಹೇಳಿ ಅಮ್ಮ" ಎಂದು ಮೈಕು ಕೊಟ್ಟ.

ನಾಗವೇಣಿಯ ಕೈಗೆ ಮೈಕು ಕೊಡಬಾರದೆಂದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಶಿಕಾರಿಪುರದವರಿಗೆ ಹೇಗೆ ಗೊತ್ತಾಗಬೇಕು?

"ನಂಗೆ ಸೈಕಲ್ ಹತ್ತಕ್ಕೆ ಬರಲ್ಲ. ದಾರಿಯಾಗೆ ಬಿದ್ದೆ. ನಮ್ಮ ಗುಡ್ಡಮ್ಮಕ್ಕ ಗದ್ದೆಯಿಂದ ಎದ್ದು ಬಂದು ಹೆಗಲು ಕೊಟ್ಲು. ಅವಳ ಹೆಗಲ ಮೇಲೆ ಕೈಯಿಟ್ಟು ಹತ್ತಿದೀನಿ. ನಮ್ಮಕ್ಕ ನನ್ನ ಜೊತೆ ಮಾತಾಡಿದ್ಲು!"

ಹರ್ಷವರ್ಧನ ಅವಳನ್ನು ಪಕ್ಕಕ್ಕೆ ಕರೆದ. ಒಳ್ಳೆಯ ಹುಡುಗ. "ಅಮ್ಮ, ದಾರೀಲಿ ಯಾರೂ ನೋಡಿಲ್ಲ. ನಾವೂ ಕೇಳಿಸ್ಕೊಂಡಿಲ್ಲ ಅಂದ್ಕೊಳ್ತೀವಿ."

"ಕೇಳಿಸ್ಕೊಂಡಿಲ್ವಾ? ತಡೀರಿ, ಇನ್ನೊಂದ್ಸಲ ಹೇಳ್ತೀನಿ."

ಇನ್ನೊಮ್ಮೆಯೂ ಹೇಳಿದಳು. ಆಮೇಲೆ ತಾನೇ ಪದಕ ತೆಗೆದು ಅವನ ಕೈಗಿಟ್ಟಳು. ಅದಕ್ಕೆ ಎಷ್ಟು ಆಸೆಪಟ್ಟಿದ್ದಳೆಂದು ಗೊತ್ತಿದ್ದ ನನಗೆ ತಡೆಯಲಾಗಲಿಲ್ಲ. ಮನೆಗೆ ಹೋಗುವಾಗ ಸಿಟ್ಟಿನಲ್ಲೇ ಕೇಳಿದೆ. "ಒಂದು ದಿನ, ಒಂದೇ ದಿನ ಬಾಯಿ ಮುಚ್ಕೊಂಡಿದ್ರೆ ಗಂಟೇನು ಹೋಗ್ತಿತ್ತು ನಿಂಗೆ?"

"ಮುಚ್ಕೊಂಡಿದ್ರೆ ಅಕ್ಕ ಬಂದಿದ್ದು ಸುಳ್ಳಾಗ್ತಿತ್ತಲ್ಲ ಅಣ್ಣ" ಎಂದಳು. ನನ್ನ ಸಿಟ್ಟು ಅಲ್ಲೇ ಕರಗಿತು.

ಮರುದಿನ ಬೆಳಿಗ್ಗೆ ಗಾಡಿ ಎಂದಿನಂತೆ ಗುಡ್ಡಮ್ಮನ ಬಾಗಿಲಲ್ಲಿ ನಿಂತಿತು. ನಾನು ಎದುರಿನ ಡೈರಿಯಲ್ಲಿ ಹಾಲು ಅಳೆಯುತ್ತಿದ್ದೆ, ಅಳೆಯುವುದು ಬಿಟ್ಟು ನೋಡಿದೆ. ಬಾಗಿಲು ತೆರೆಯಿತು. ಗುಡ್ಡಮ್ಮ ಒಂದು ಬಕೆಟ್ ಹಿಡಿದು ಬಂದಳು. ಈರುಳ್ಳಿ ಸಿಪ್ಪೆ, ಪ್ಲಾಸ್ಟಿಕ್ ಕವರು, ಬಾಳೆ ಎಲೆ, ಹರಿದ ಚಪ್ಪಲಿ, ಎಲ್ಲ ಒಂದರಲ್ಲೇ. ನಾಗವೇಣಿ ಇಣುಕಿ ನೋಡಿದಳು. ಮೈಕು ಬಂದ್ ಮಾಡುವುದು ಅವಳಿಗೆ ನೆನಪಾಗಲಿಲ್ಲ.

"ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಎರಡು ವರ್ಷದಿಂದ ಬಾಯಿ ಬಡ್ಕಂತಿದೀನಿ. ಕಿವಿ ಕೇಳಲ್ವಾ ಅಕ್ಕ ನಿಂಗೆ?"

"ಕೇಳ್ತಿತ್ತು ಕಣೇ" ಎಂದಳು ಗುಡ್ಡಮ್ಮ. ಮೈಕಿನಲ್ಲಿ ಊರಿಗೆಲ್ಲ ಕೇಳಿಸಿತು. "ಬಾಗಿಲ ಹಿಂದೆ ನಿಂತು ದಿನಾ ಕೇಳ್ತಿದ್ದೆ."

ಇಬ್ಬರೂ ರಸ್ತೆಯ ಮೇಲೆ ಬಕೆಟ್ ಸುರುವಿಕೊಂಡು ಕೂತು ಕಸ ಬೇರೆ ಮಾಡತೊಡಗಿದರು. ಆವತ್ತು ಮುಂದಿನ ಕೇರಿಗೆ ಗಾಡಿ ಹೋಗುವಾಗ ಬಹಳ ತಡವಾಗಿತ್ತು, ಯಾರೂ ಏನೂ ಅನ್ನಲಿಲ್ಲ.