ಅಡುಗೆಮನೆಯ ಸುದ್ದಿ ಹೊತ್ತು ಕಾಪುವಿಗೆ

ಶನಿವಾರ ಬೆಳಿಗ್ಗೆ ಏಳೂವರೆಗೆ ಕಾರ್ಕಳದಲ್ಲಿ ಉಡುಪಿಯ ಬಸ್ಸು ಹತ್ತಿದೆ. ನೆರೆ ಬಂದು ಹದಿನೆಂಟು ದಿನವಾಗಿತ್ತು. ಅಂದಿನಿಂದ ನಾನು ಕಾರ್ಕಳದ ತಂಗಿಯ ಮನೆಯಲ್ಲಿದ್ದೆ. ಒಣ ಹಾಸಿಗೆ, ಹೊತ್ತಿಗೆ ಸರಿಯಾಗಿ ಊಟ, ಎಲ್ಲ ಇತ್ತು. ಆದರೂ ಉಡುಪಿಯ ನನ್ನ ಬಾಡಿಗೆ ಮನೆಯ ಓಣಿ, ಎದುರುಮನೆಯ ಸುಮತಿಯಕ್ಕನ ಹೊಲಿಗೆ ಯಂತ್ರದ ಸದ್ದು ಬೇಕೆನಿಸುತ್ತಿತ್ತು.

ಹಿರಿಯಡ್ಕ ದಾಟುವಾಗ ಮಳೆ ಜೋರಾಯಿತು. ನನಗೇ ತಿಳಿಯದೆ ಎರಡೂ ಕಾಲು ಸೀಟಿನ ಮೇಲೆ ಬಂದಿದ್ದವು.

"ಕಾಲು ಕೆಳಗಿಡಿ ಮೇಡಂ, ಬಸ್ಸಿಗೆ ನೀರು ಬರುವುದಿಲ್ಲ," ಎಂದು ಕಂಡಕ್ಟರ್ ನಕ್ಕ.

ನೆರೆ ಬಂದ ಆ ಬೆಳಿಗ್ಗೆ ಮಂಚದಿಂದ ಕಾಲು ಇಳಿಸಿದಾಗ ಮೊಣಕಾಲಿನವರೆಗೆ ನೀರು. ಬಾಗಿಲು ತೆರೆಯುವಷ್ಟರಲ್ಲಿ ಸೊಂಟಕ್ಕೆ ಬಂದಿತ್ತು. ಸುಮತಿಯಕ್ಕ ತಮ್ಮ ಅಡುಗೆಮನೆಯ ಕಿಟಕಿಯಿಂದ ಸೀರೆಯೊಂದನ್ನು ಎಸೆದು, "ಕೈಗೆ ಸುತ್ತಿಕೊಳ್ಳಿ ಟೀಚರ್, ಬಿಡಬೇಡಿ!" ಎಂದು ಕೂಗಿದರು. ನಡು ಓಣಿಯಲ್ಲಿ ಕಾಲಿಗೆ ನೆಲ ಸಿಗಲಿಲ್ಲ. ಆ ಎರಡು ಹೆಜ್ಜೆಯನ್ನು ನಾನು ಈಗಲೂ ದಿನಕ್ಕೆ ಎಷ್ಟು ಸಲ ನಡೆಯುತ್ತೇನೋ ಲೆಕ್ಕವಿಲ್ಲ. ಮಧ್ಯಾಹ್ನ ನಗರಸಭೆಯವರು ಕರೆಸಿದ ಮೀನುಗಾರರ ದೋಣಿ ಬರುವ ತನಕ ಆ ಅಡುಗೆಮನೆಯ ತಾರಸಿಯ ಮೇಲೆ ಇಬ್ಬರೂ ಕೂತಿದ್ದೆವು.

ಮಣಿಪಾಲದ ಗುಡ್ಡದ ಮೇಲೆ ನೆರೆಯ ಗುರುತೇ ಇರಲಿಲ್ಲ. ಒಂದು ಕೊಡೆಯಡಿ ಮೂವರು ವಿದ್ಯಾರ್ಥಿಗಳು ನಗುತ್ತಾ ರಸ್ತೆ ದಾಟಿದರು. ಕೆಳಗೆ ಉಡುಪಿಯ ನಮ್ಮ ಓಣಿಯಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ. ಪೌರಕಾರ್ಮಿಕರು ಕೆಸರು ಕುಡಿದ ಹಾಸಿಗೆಗಳನ್ನು ಟಿಪ್ಪರಿಗೆ ಎಸೆಯುತ್ತಿದ್ದರು. ಜೆಸಿಬಿ ಓಣಿಯ ಬದಿಯಲ್ಲಿ ಮಳೆನೀರು ಹರಿಯುವ ತೋಡಿನ ಹೂಳು ಎತ್ತುತ್ತಿತ್ತು. ಸುಮತಿಯಕ್ಕನ ಅಡುಗೆಮನೆಯ ಗೋಡೆಗೆ ಒಡೆಯುವ ಗುರುತಿನ ಕೆಂಪು ಗೆರೆ ಬಿದ್ದಿತ್ತು.

ಅದಕ್ಕೆ ಕಾರಣ ನಾನು. ನೀರು ಇಳಿದ ಮರುದಿನ ಮನೆ ನೋಡಲು ಕಾರ್ಕಳದಿಂದ ಒಮ್ಮೆ ಬಂದಿದ್ದೆ; ಆಗ ಸರ್ವೆಗೆ ಬಂದ ನಗರಸಭೆಯ ಎಂಜಿನಿಯರ್, "ನೀರು ಓಣಿಗೆ ತಿರುಗಿದ್ದು ಎಲ್ಲಿ?" ಎಂದು ಕೇಳಿದ್ದರು. ನಾನು ಬೆರಳು ತೋರಿಸಿದ್ದೆ. ಆ ಅಡುಗೆಮನೆಯ ಅರ್ಧ ಭಾಗ ತೋಡಿನ ಮೇಲೆಯೇ ಇತ್ತು.

ಈ ದಿನವೂ ಆ ಎಂಜಿನಿಯರ್ ಅಲ್ಲಿದ್ದರು. "ಸೋಮವಾರ ನೋಟಿಸ್ ಹೋಗ್ತದೆ. ಮನೆಯವರು ಒಪ್ಪಿದರೆ ಮುಂದಿನ ಮಳೆಗಾಲಕ್ಕೆ ಮೊದಲು ತೋಡು ಅಗಲ ಆಗ್ತದೆ," ಎಂದರು. ನೋಟಿಸಿಗಿಂತ ಮೊದಲು ನಾನೇ ಹೋಗಿ ಸುಮತಿಯಕ್ಕನಿಗೆ ಹೇಳಬೇಕಿತ್ತು. ಕಾಪುವಿನ ಬಸ್ಸು ಹಿಡಿದೆ. ಇಪ್ಪತ್ತೈದು ರೂಪಾಯಿ ಟಿಕೆಟು.

ಸುಮತಿಯಕ್ಕ ದೀಪಸ್ತಂಭದ ದಾರಿಯಲ್ಲಿ ತಮ್ಮ ಅಕ್ಕನ ಮನೆಯಲ್ಲಿದ್ದರು. ನನ್ನನ್ನು ಕಂಡವರೇ, "ಟೀಚರ್! ಬ್ಲೌಸಿಗೆ ಬಂದದ್ದಾ? ಅದು ಕಡಲು ಸೇರಿ ಆಯ್ತು ಮಾರಾಯ್ರೆ. ಈಗ ಯಾವ ಮೀನು ಹಾಕಿಕೊಂಡು ತಿರುಗ್ತದೋ!" ಎಂದರು.

ಗಂಜಿ, ಚಟ್ನಿ, ಮಾವಿನ ಉಪ್ಪಿನಕಾಯಿ ಬಡಿಸಿದರು. ಓಣಿ ಹೇಗುಂಟು ಎಂದು ಕೇಳಿದರು.

"ಅಡುಗೆಮನೆ ಒಡೆಯಲಿಕ್ಕೆ ಗೆರೆ ಎಳೆದಿದ್ದಾರೆ ಅಕ್ಕ. ತೋರಿಸಿದ್ದು ನಾನು."

ಸೌಟು ಪಾತ್ರೆಯಲ್ಲೇ ನಿಂತಿತು. "ನನ್ನ ಹತ್ರ ಒಂದು ಮಾತು ಕೇಳಬಹುದಿತ್ತಲ್ವಾ?"

"ಕೇಳಬೇಕಿತ್ತು."

"ಸುಳ್ಳು ಹೇಳಿ ಅಂತ ನಾನು ಹೇಳ್ತಿರಲಿಲ್ಲ." ಉಪ್ಪಿನಕಾಯಿ ಭರಣಿಯ ಮುಚ್ಚಳ ಹಾಕುತ್ತಾ ಕೇಳಿದರು, "ಒಡೆದರೆ ನಿಮ್ಮ ಮನೆಗೆ ನೀರು ಬರುವುದಿಲ್ವಾ?"

"ಬರಲಿಕ್ಕಿಲ್ಲ ಅಂತಾರೆ."

"ಮತ್ತೆ ನೀವು ಅಲ್ಲಿಯೇ ಇರ್ತೀರಾ?"

"ನೀವು ಬಂದರೆ."

ಅವರು ನನ್ನ ಬಟ್ಟಲನ್ನು ಹತ್ತಿರಕ್ಕೆಳೆದುಕೊಂಡರು. ಇನ್ನೊಂದು ಸೌಟು ಗಂಜಿ ಹಾಕಿದರು.

ನಾಲ್ಕು ಗಂಟೆಗೆ ಹೆದ್ದಾರಿಯ ತನಕ ಜೊತೆಗೆ ಬಂದರು. ಬಸ್ಸು ಕಂಡಾಗ ಉಡುಪಿ ಮನೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. "ನೋಟಿಸ್ ಬರಲಿ, ಸಹಿ ಹಾಕ್ತೇನೆ. ಒಡೆಯುವ ದಿನ ನಾನು ಬರುವುದಿಲ್ಲ, ನೋಡ್ಲಿಕ್ಕೆ ಆಗುವುದಿಲ್ಲ. ನೀವು ಇರಬೇಕು. ಅರೆಯುವ ಕಲ್ಲನ್ನು ಮೊದಲು ಹೊರಗೆ ತೆಗೆಸಿ, ನಿಮ್ಮಲ್ಲಿ ಇಟ್ಟುಕೊಳ್ಳಿ."

"ಎಷ್ಟು ದಿನ?" ಎಂದೆ.

"ಕಲ್ಲಿಗೆ ಎಂತ ಅವಸರ?"

ಬಸ್ಸು ಹೊರಟಿತು. ಹಿಂದಿನ ಗಾಜಿನಲ್ಲಿ ಅವರು ಸಣ್ಣಗಾಗುವ ತನಕ ನೋಡಿದೆ. ಅಕ್ಕನ ಮನೆಯ ಕಡೆ ತಿರುಗಿರಲಿಲ್ಲ. ಉಡುಪಿಯ ದಿಕ್ಕಿಗೇ ಮುಖ ಮಾಡಿ ನಿಂತಿದ್ದರು.